ಕುಂಡದ ಕರಿಬೇವಿನಲ್ಲಿ ಚಿಗುರು ಉಳಿಸಿಕೊಂಡ ಬಗೆ: ನನ್ನ ಅನುಭವ

ಕುಂಡದ ಕರಿಬೇವಿಗೆ ವಿಷ ಹೊಡೆಯದೆ ಚಿಗುರು ದಕ್ಕುವುದಿಲ್ಲ ಎನ್ನುವವರೇ ಹೆಚ್ಚು. ಬೆಂಗಳೂರಿನ ನನ್ನ ತಾರಸಿಯಲ್ಲಿ ಈಗ ಎರಡು ವರ್ಷದಿಂದ ಸೋಪು, ಕತ್ತರಿ, ನೀರಿನ ತಟ್ಟೆ ಇಷ್ಟರಲ್ಲೇ ದಕ್ಕುತ್ತಿದೆ. ಅಡುಗೆಗೆ ಎಲೆ ಕೊಂಡು ತರುವುದು ನಿಂತೇ ಹೋಗಿದೆ.

ಚಿಗುರಿನ ರಸ ಹೀರುವ ಸಣ್ಣ ಕೀಟ ಸಿಲ್ಲಾ ಮೊಟ್ಟೆ ಇಡುವುದು ಎಳೆ ಕುಡಿಯಲ್ಲಿ ಮಾತ್ರ. ಬಲಿತ ಎಲೆಯ ಮೇಲೆ ಬೆಳೆದ ಸಿಲ್ಲಾ ಹಿಂಭಾಗ ಎತ್ತಿ ಕೂತಿದ್ದರೂ ಅಲ್ಲಿ ಅದರ ಮರಿ ಬೆಳೆಯದು. ಹಾಗಾಗಿ ಕೀಟವನ್ನು ಬೆನ್ನಟ್ಟುವುದಕ್ಕಿಂತ ಚಿಗುರು ಯಾವಾಗ ಬರಬೇಕೆಂದು ನಾವೇ ಗೊತ್ತು ಮಾಡುವುದು ಲೇಸು. ಎಲ್ಲ ಕುಂಡಗಳ ಕುಡಿಯನ್ನೂ ಒಂದೇ ದಿನ ಗೇಣುದ್ದ ಕತ್ತರಿಸಿ, ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡುತ್ತೇನೆ. ಒಂದೇ ಒಂದು ಗಿಡ ಬಿಟ್ಟರೂ ಸಿಲ್ಲಾ ಅಲ್ಲೇ ಮರಿ ಮಾಡಿ ಉಳಿದವಕ್ಕೆ ಹಾರುತ್ತದೆ.

ಕತ್ತರಿಸಿದ ಮೇಲೆ ಬರುವ ಚಿಗುರಿನ ಮೊಗ್ಗು ಅಕ್ಕಿಕಾಳಿನಷ್ಟಾದಾಗ ಸೋಪುನೀರಿನ ಮೊದಲ ಸಿಂಪಡಣೆ. ಆಮೇಲೆ ಐದಾರು ದಿನಕ್ಕೊಮ್ಮೆ ಇನ್ನೆರಡು ಸಲ, ಎಲೆ ಬಲಿಯುವವರೆಗೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು ಎಳೆ ಚಿಗುರಿಗೆ ಲೀಟರಿಗೆ 5 ಗ್ರಾಂ, ಬಲಿತ ಎಲೆಯಲ್ಲಿ ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಹಿಟ್ಟು ತಿಗಣೆಗೆ 7-8 ಗ್ರಾಂ. ತುರಿದು, ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಬೇಕು. ಇಲ್ಲದಿದ್ದರೆ ನಾಜಲ್ ಕಟ್ಟುತ್ತದೆ. ಸೋಪಿನ ಜೊತೆ ಅಡುಗೆಮನೆಯದೇ ಒಂದು ವಸ್ತುವನ್ನು ಚಿಟಿಕೆ ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ, ಅದಿಲ್ಲದೆಯೂ ಕೆಲಸ ಆಗುತ್ತದೆ.

ಬಹಳ ಜನ ಸೋಲುವುದು ನೀರಿನಲ್ಲಿ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪು ನೊರೆ ಬಾರದೆ ಒಡೆದು ಬಿಳಿ ಚೂರಾಗುತ್ತದೆ. ಅದನ್ನು ಎಷ್ಟು ಹೊಡೆದರೂ ಕೀಟಕ್ಕೆ ಅಂಟುವುದಿಲ್ಲ. ಮಳೆನೀರು ಇಲ್ಲವೇ ಫಿಲ್ಟರ್ ನೀರು ಬಳಸಿ. ಸೋಪು ಕೊಲ್ಲುವುದು ಒದ್ದೆ ಇರುವಷ್ಟು ಹೊತ್ತು ಮಾತ್ರ. ಸಂಜೆ, ಎಲೆಯ ತಳಕ್ಕೆ, ತೊಟ್ಟಿಕ್ಕುವಷ್ಟು ಹೊಡೆಯಬೇಕು. ಮಧ್ಯಾಹ್ನ ಹೊಡೆದರೆ ಕುಡಿ ಸುಡುತ್ತದೆ.

ಹಣ ಸುರಿದದ್ದು ಬೇರೆ ಕಡೆ. ಬೇವಿನೆಣ್ಣೆ ಬಾಟಲಿಗಳಿಗೆ ನೆನಪಿದ್ದ ಮಟ್ಟಿಗೆ ಸಾವಿರದಷ್ಟು ಹೋಯಿತು. ಎಣ್ಣೆಯನ್ನು ನೀರಲ್ಲಿ ಬೆರೆಸುವ ಎಮಲ್ಸಿಫೈಯರ್ ಇಲ್ಲದ ಎಣ್ಣೆ ನೀರಿನ ಮೇಲೆ ತೇಲಿ, ಕೊನೆಗೆ ಬರೀ ಎಣ್ಣೆಯೇ ಎಲೆಯ ಮೇಲೆ ಬಿದ್ದು ಕಂದು ಕಲೆ ಬರುತ್ತದೆ. ಪಾತ್ರೆ ತೊಳೆಯುವ ದ್ರವವೂ ಎಲೆ ಸುಟ್ಟಿತು. ಬೂದಿ ಎರಚಿದರೆ ಎಲೆಯ ತಳಕ್ಕೆ ತಲುಪುವುದೇ ಇಲ್ಲ. ಹುಳಿಮಜ್ಜಿಗೆ ಸಿಂಪಡಿಸಿದ್ದರಿಂದ ಸಿಲ್ಲಾಗೆ ಏನೂ ಆಗಲಿಲ್ಲ. ಹಳದಿ ಹಾಳೆಗೆ ಹರಳೆಣ್ಣೆ ಸವರಿ ತೂಗುಹಾಕಿದರೆ ಹಾರುವ ಸಿಲ್ಲಾ ಅಂಟಿಕೊಳ್ಳುತ್ತದೆ, ಅದು ಹಾವಳಿ ಶುರುವಾಯಿತೆಂದು ತಿಳಿಯಲು ಸಾಕು, ತಡೆಯಲು ಸಾಲದು. ಈಗ ವರ್ಷಕ್ಕೆ ಸೋಪಿನ ಖರ್ಚು ನೂರೈವತ್ತು ದಾಟುವುದಿಲ್ಲ.

ಇರುವೆ ಇದ್ದಷ್ಟು ದಿನ ಇದ್ಯಾವುದೂ ನಿಲ್ಲುವುದಿಲ್ಲ. ಸಿಹಿ ಅಂಟಿಗಾಗಿ ಅವು ಹಿಟ್ಟು ತಿಗಣೆಯನ್ನು ಕಾಯುತ್ತವೆ, ಅದನ್ನು ತಿನ್ನುವ ಗುಲಗಂಜಿ ಹುಳುವನ್ನು ಓಡಿಸುತ್ತವೆ. ಕುಂಡದ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ತಟ್ಟೆಯಲ್ಲಿಟ್ಟು, ಸೊಳ್ಳೆ ಆಗದಂತೆ ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ತಟ್ಟೆ ಉಜ್ಜುತ್ತೇನೆ. ರೆಂಬೆ ಗೋಡೆಗೆ ತಾಗಿದ್ದರೆ ತಟ್ಟೆ ಇಟ್ಟೂ ದಂಡ, ಇರುವೆಗೆ ಅದೇ ಸೇತುವೆ. ಬಿಳಿ ಮೇಣದ ಕುಚ್ಚು ಹೊತ್ತು ಚುರುಕಾಗಿ ಓಡಾಡುವ ಹುಳು ಕಂಡರೆ ಕೊಲ್ಲಬೇಡಿ. ಅದು ಹಿಟ್ಟು ತಿಗಣೆಯನ್ನು ತಿನ್ನುವ ಗುಲಗಂಜಿ ಹುಳುವಿನ ಮರಿ.

ಹಕ್ಕಿಯ ಹಿಕ್ಕೆಯಂತೆ ಕಾಣುವ ನಿಂಬೆ ಚಿಟ್ಟೆಯ ಮರಿಹುಳುವಿಗೆ ಸೋಪು ಬೇಡ, ಕೈಯಲ್ಲಿ ಆರಿಸಿದರೆ ಮುಗಿಯಿತು. ಒಂದು ಹಳೆಯ ಗಿಡವನ್ನು ಅವಕ್ಕೇ ಬಿಟ್ಟಿದ್ದೇನೆ, ಆರಿಸಿದ್ದನ್ನೆಲ್ಲ ಅಲ್ಲಿಗೆ ಸಾಗಿಸುತ್ತೇನೆ.

ಇದೇ ಸೋಪನ್ನು ತುಳಸಿಯ ಜಾಲರಿ ತಿಗಣೆಗೂ ಹೊಡೆದು ನೋಡಿದೆ. ಎಲೆ ಮುದುಡಿ, ತಳದಲ್ಲಿ ಕಪ್ಪು ಚುಕ್ಕೆ ಇದ್ದರೆ ಅದೇ. ಮೊಟ್ಟೆ ಎಲೆಯ ಒಳಗಿರುವುದರಿಂದ ಒಂದು ಸಲಕ್ಕೆ ಸಾಯುವುದು ಮೇಲಿದ್ದವು ಮಾತ್ರ, ವಾರಕ್ಕೊಮ್ಮೆ ಮೂರ್ನಾಲ್ಕು ಸಲ ಬೇಕು. ತುಳಸಿಯಾಗಲಿ ಕರಿಬೇವಾಗಲಿ, ಕೊನೆಯ ಸಿಂಪಡಣೆಯಾಗಿ ಒಂದು ವಾರ ಬಿಟ್ಟು, ಚೆನ್ನಾಗಿ ತೊಳೆದೇ ಬಳಸಿ.