ಅಮೈನ್ ತುಂಬಿದ ಸಿಲಿಕಾ: ಇಂಗಾಲದ ಡೈಆಕ್ಸೈಡ್ ಹಿಡಿಯುವ ಪುಡಿಯ ತಯಾರಿ ಮತ್ತು ಪರೀಕ್ಷೆ

ಚಿಮಣಿಯ ಹೊಗೆಯಿಂದಲೋ ಬಯಲು ಗಾಳಿಯಿಂದಲೋ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಘನ ವಸ್ತುಗಳಲ್ಲಿ ಕೈ ಪಳಗಿಸಿಕೊಳ್ಳಲು ಅಮೈನ್ ತುಂಬಿದ ಸಿಲಿಕಾ ಒಳ್ಳೆಯ ಆರಂಭ. ನ್ಯಾನೋಮೀಟರ್ ಅಳತೆಯ ರಂಧ್ರಗಳಿರುವ ಸಿಲಿಕಾದೊಳಗೆ ಪಾಲಿಎಥಿಲೀನ್‌ಇಮೀನ್ (ಮುಂದೆ ಪಿಇಐ) ಎಂಬ, ಡೈಆಕ್ಸೈಡನ್ನು ಹಿಡಿಯುವ ಸಾರಜನಕದ ಗುಂಪುಗಳಿರುವ (ಇವೇ ಅಮೈನ್) ಅಂಟು ಪಾಲಿಮರನ್ನು ತುಂಬುವುದು, ಅಷ್ಟೇ. ಬೇಕಾದ ರಾಸಾಯನಿಕಗಳೆಲ್ಲ ಕ್ಯಾಟಲಾಗಿನಲ್ಲಿ ಸಿಗುತ್ತವೆ, ಕೆಲಸ ಒಂದು ವಾರದೊಳಗೆ ಮುಗಿಯುತ್ತದೆ. ಮೊದಲ ಸುತ್ತಿನಲ್ಲೇ (ಅನಿಲ ಹೀರಿಸಿ, ಬಿಸಿ ಮಾಡಿ ಬಿಡಿಸಿದರೆ ಒಂದು ಸುತ್ತು) ಗ್ರಾಂಗೆ 3 ಮಿಲಿಮೋಲ್ ಹೀರಿಸಿ ತೋರಿಸುವುದು ಕಷ್ಟವಲ್ಲ. ಐವತ್ತು ಸುತ್ತು ಕಳೆದ ಮೇಲೆ, ತೇವಾಂಶ ಮತ್ತು ಆಮ್ಲಜನಕದ ನಡುವೆ, ಎಷ್ಟು ಉಳಿದಿದೆ ಎನ್ನುವುದೇ ನಿಜವಾದ ಪ್ರಶ್ನೆ. ಹಾಗಾಗಿ ತಯಾರಿಯ ಪ್ರತಿ ಹಂತವನ್ನೂ ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ಮಾಡಬೇಕು.

ಮೊದಲು ಕಾಗದದ ಮೇಲಿನ ಲೆಕ್ಕ

ಪಿಇಐ ಸರಪಳಿಯ ಒಂದು ಘಟಕದ ತೂಕ 43, ಅದರಲ್ಲಿ ಒಂದು ಸಾರಜನಕ. ಅಂದರೆ ಒಂದು ಗ್ರಾಂ ಪಿಇಐಯಲ್ಲಿ ಸುಮಾರು 23 ಮಿಲಿಮೋಲ್ ಸಾರಜನಕ. ನಿಮ್ಮ ಪುಡಿಯ ಅರ್ಧ ತೂಕ ಪಿಇಐ ಆಗಿದ್ದರೆ ಗ್ರಾಂಗೆ 11.6 ಮಿಲಿಮೋಲ್. ಒಣ ಅನಿಲದಲ್ಲಿ ಒಂದು ಡೈಆಕ್ಸೈಡ್ ಅಣುವನ್ನು ಹಿಡಿಯಲು ಎರಡು ಅಮೈನ್ ಬೇಕು (ಕಾರ್ಬಮೇಟ್ ಆಗುತ್ತದೆ), ಆದ್ದರಿಂದ ಮೇಲ್ಮಿತಿ 5.8. ಕೈಗೆ ಸಿಗುವುದು 2ರಿಂದ 3. ಉಳಿದದ್ದು ಎಲ್ಲಿ ಹೋಯಿತು? ಕವಲೊಡೆದ ಪಿಇಐಯಲ್ಲಿ ಸರಿಸುಮಾರು ಕಾಲು ಭಾಗ ತೃತೀಯಕ ಅಮೈನ್ (ಸಾರಜನಕಕ್ಕೆ ಹೈಡ್ರೋಜನ್ ಅಂಟಿರದವು), ಅವು ನೀರಿಲ್ಲದೆ ಪ್ರತಿಕ್ರಿಯಿಸುವುದೇ ಇಲ್ಲ. ಜೊತೆಗೆ, ರಂಧ್ರದೊಳಗೆ ಒತ್ತೊತ್ತಾಗಿ ಕೂತ ಪಾಲಿಮರಿನ ಒಳಪದರಕ್ಕೆ ಅನಿಲ ತಲುಪುವುದಿಲ್ಲ. ತೇವ ಅನಿಲದಲ್ಲಿ ಬೈಕಾರ್ಬೊನೇಟ್ ಮಾರ್ಗವೂ (ಇಲ್ಲಿ ಒಂದು ಡೈಆಕ್ಸೈಡಿಗೆ ಒಂದೇ ಅಮೈನ್ ಸಾಕು) ತೆರೆದುಕೊಳ್ಳುವುದರಿಂದ ಸಾಮರ್ಥ್ಯ ಸ್ವಲ್ಪ ಏರುತ್ತದೆ.

ಇನ್ನೊಂದು ಲೆಕ್ಕ ಶಕ್ತಿಯದು. ಒಂದು ಕಿಲೋ ಡೈಆಕ್ಸೈಡ್ ಎಂದರೆ 22.7 ಮೋಲ್. ಬಿಡುಗಡೆಗೆ ಮೋಲ್‌ಗೆ ಸುಮಾರು 85 ಕಿಲೋಜೂಲ್ ಬೇಕೆಂದರೆ, ಬರೀ ಪ್ರತಿಕ್ರಿಯೆಗೇ 1.9 ಮೆಗಾಜೂಲ್. ಇದನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ. ಆದರೆ ಪುಡಿಯನ್ನು 50 ಡಿಗ್ರಿ ಬಿಸಿ ಮಾಡುವ ಖರ್ಚು ನಿಮ್ಮ ಕೈಯಲ್ಲಿದೆ. ಪ್ರತಿ ಸುತ್ತಿಗೆ ಗ್ರಾಂಗೆ 2 ಮಿಲಿಮೋಲ್ ಹಿಡಿದು ಬಿಟ್ಟರೆ ಕಿಲೋ ಡೈಆಕ್ಸೈಡಿಗೆ 11.4 ಕಿಲೋ ಪುಡಿ ಬಿಸಿಯಾಗಬೇಕು, ವಿಶಿಷ್ಟ ಶಾಖ (ಒಂದು ಗ್ರಾಂ ಒಂದು ಡಿಗ್ರಿ ಏರಲು ಬೇಕಾದ ಶಾಖ) 1.5 ಜೂಲ್ ಎಂದಿಟ್ಟುಕೊಂಡರೆ 0.85 ಮೆಗಾಜೂಲ್. ಅದೇ 1 ಮಿಲಿಮೋಲ್‌ಗೆ ಇಳಿದರೆ 1.7 ಮೆಗಾಜೂಲ್. ಒಟ್ಟು ಎಷ್ಟು ಹೀರಿತು ಎಂಬುದಕ್ಕಿಂತ, ಒಂದು ಸುತ್ತಿನಲ್ಲಿ ಹೀರಿ ಬಿಟ್ಟ ವ್ಯತ್ಯಾಸವನ್ನೇ ನೋಡಬೇಕೆಂದು ಹೇಳುವುದು ಇದಕ್ಕೇ.

ಸಿಲಿಕಾ

ಎಸ್‌ಬಿಎ-15 ಎಂಬ ಮಾದರಿಯ ಸಿಲಿಕಾ ಮಾಡಿಕೊಳ್ಳಿ. ರಂಧ್ರಗಳಿಗೆ ಅಚ್ಚಾಗುವ ಪಾಲಿಮರ್ ಆದ ಪ್ಲೂರೋನಿಕ್ ಪಿ123ಅನ್ನು 4 ಗ್ರಾಂ ತೆಗೆದುಕೊಂಡು 30 ಗ್ರಾಂ ನೀರು ಮತ್ತು 120 ಗ್ರಾಂ 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ. ಪಿ123 ಮೇಣದಂತಿರುವ ಮುದ್ದೆ, ಕರಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಆತುರಕ್ಕೆ ಬಿಸಿ ಮಾಡಬೇಡಿ, ತಣ್ಣಗಿದ್ದಷ್ಟೂ ಚೆನ್ನಾಗಿ ಕರಗುವ ಪಾಲಿಮರ್ ಇದು. ರಾತ್ರಿಯಿಡೀ ಕೋಣೆಯ ಉಷ್ಣತೆಯಲ್ಲಿ ಕಲಕಲು ಬಿಟ್ಟರೆ ಬೆಳಗ್ಗೆ ದ್ರಾವಣ ತಿಳಿಯಾಗಿರುತ್ತದೆ. ಮೂಲೆಯಲ್ಲಿ ಒಂದು ಗಂಟು ಉಳಿದರೂ ಮುಂದೆ ರಂಧ್ರಗಳು ಏಕರೂಪವಾಗುವುದಿಲ್ಲ.

ದ್ರಾವಣ 38ರಿಂದ 40 °ಸೆ.ಗೆ ಸ್ಥಿರವಾದ ಮೇಲೆ 8.5 ಗ್ರಾಂ ಟೆಟ್ರಾಈಥೈಲ್ ಆರ್ಥೋಸಿಲಿಕೇಟನ್ನು (ಸಿಲಿಕಾ ಬರುವುದು ಇದರಿಂದಲೇ) ಹನಿಹನಿಯಾಗಿ ಬಿಡಿ. ಸ್ವಲ್ಪ ಹೊತ್ತಿಗೆ ದ್ರಾವಣ ಬೆಳ್ಳಗೆ ಕದಡುತ್ತದೆ. ಅದೇ ಉಷ್ಣತೆಯಲ್ಲಿ 20 ಗಂಟೆ ಕಲಕಿ, ನಂತರ ಟೆಫ್ಲಾನ್ ಒಳಪದರದ ಆಟೋಕ್ಲೇವಿಗೆ ಸುರಿದು 100 °ಸೆ.ಯಲ್ಲಿ 24 ಗಂಟೆ ಅಲುಗಿಸದೆ ಇಡಿ. ಈ ಕೊನೆಯ ಹಂತವೇ ರಂಧ್ರದ ಅಗಲವನ್ನು ನಿರ್ಧರಿಸುವುದು: 80 °ಸೆ.ಯಲ್ಲಿಟ್ಟರೆ ಕಿರಿದು, 100ರಲ್ಲಿ ಅಗಲ. ಪಾಲಿಮರ್ ತುಂಬುವ ಉದ್ದೇಶಕ್ಕೆ 100 ಬೇಕು.

ಸೋಸಿ, ತೊಳೆದು, ಒಣಗಿಸಿ, ಪಿಂಗಾಣಿ ತಟ್ಟೆಯಲ್ಲಿ ತೆಳ್ಳಗೆ ಹರಡಿ 550 °ಸೆ.ಯಲ್ಲಿ ಆರು ಗಂಟೆ ಸುಡಿ. ಉಷ್ಣತೆ ಏರುವ ವೇಗ ನಿಮಿಷಕ್ಕೆ 1 ಡಿಗ್ರಿ. ಅವಸರ ಮಾಡಿದರೆ ಅಥವಾ ತಟ್ಟೆಯಲ್ಲಿ ರಾಶಿ ಹಾಕಿದರೆ ಪಿ123 ಪೂರ್ತಿ ಉರಿಯದೆ ಇದ್ದಿಲಾಗಿ ಉಳಿದು ಪುಡಿ ಬೂದು ಬಣ್ಣಕ್ಕೆ ತಿರುಗುತ್ತದೆ. ಶುದ್ಧ ಸಿಲಿಕಾ ಅಚ್ಚ ಬಿಳಿ. ಮೇಲಿನ ಅಳತೆಗೆ ಸೈದ್ಧಾಂತಿಕವಾಗಿ 2.45 ಗ್ರಾಂ ಸಿಲಿಕಾ ಬರಬೇಕು. ಅದಕ್ಕಿಂತ ಹೆಚ್ಚು ತೂಗಿದರೆ ನೀರೋ ಇದ್ದಿಲೋ ಸೇರಿಕೊಂಡಿದೆ ಎಂದೇ ಅರ್ಥ.

ಮುಂದಕ್ಕೆ ಹೋಗುವ ಮೊದಲು 77 ಕೆಲ್ವಿನ್‌ನಲ್ಲಿ ಸಾರಜನಕ ಅಧಿಶೋಷಣೆ (ರಂಧ್ರಗಳ ಮೈಗೆ ಎಷ್ಟು ಸಾರಜನಕ ಅಂಟುತ್ತದೆಂದು ಅಳೆಯುವ ಪರೀಕ್ಷೆ) ಮಾಡಿಸಿ ರಂಧ್ರಗಾತ್ರವನ್ನು, ಅಂದರೆ ರಂಧ್ರಗಳೊಳಗಿನ ಒಟ್ಟು ಜಾಗವನ್ನು, ಪಡೆಯಿರಿ. ಗ್ರಾಂಗೆ 1 ಘನ ಸೆಂ.ಮೀ. ಆಸುಪಾಸು ಇದ್ದರೆ ಚೆನ್ನ. ಈ ಒಂದು ಸಂಖ್ಯೆಯಿಲ್ಲದೆ ಎಷ್ಟು ಪಿಇಐ ಹಾಕಬೇಕೆಂದು ಹೇಳಲು ಬರುವುದಿಲ್ಲ.

ತುಂಬುವುದು

ಪಿಇಐಯ ಸಾಂದ್ರತೆ 1.05ರ ಹತ್ತಿರ. ಆದ್ದರಿಂದ 1 ಘನ ಸೆಂ.ಮೀ. ರಂಧ್ರಗಾತ್ರವಿರುವ ಒಂದು ಗ್ರಾಂ ಸಿಲಿಕಾಗೆ ಅಂಚಿನವರೆಗೆ ತುಂಬಲು 1.05 ಗ್ರಾಂ ಪಿಇಐ ಸಾಕು. ಅಂಚಿನವರೆಗೆ ತುಂಬಬೇಡಿ. 0.8 ಗ್ರಾಂ ಹಾಕಿದರೆ ರಂಧ್ರದ ಮುಕ್ಕಾಲು ಭಾಗ ತುಂಬುತ್ತದೆ (ಒಟ್ಟು ತೂಕದ ಶೇ 44), ಅನಿಲ ಓಡಾಡಲು ದಾರಿ ಉಳಿಯುತ್ತದೆ. ಹೆಚ್ಚಾದ ಪಿಇಐ ಕಣಗಳ ಹೊರಮೈಗೆ ಮೆತ್ತಿಕೊಳ್ಳುತ್ತದೆ. ಒಣಗಿದ ಮೇಲೂ ಪುಡಿ ಚಮಚಕ್ಕೆ ಅಂಟಿಕೊಂಡು ಉಂಡೆಯಾಗುತ್ತಿದ್ದರೆ ಮಿತಿ ಮೀರಿದೆ ಎಂದು ತಿಳಿಯಿರಿ.

ಕವಲೊಡೆದ, ಅಣುತೂಕ 800ರ ಪಿಇಐ ತೆಗೆದುಕೊಳ್ಳಿ. ಇನ್ನೂ ಹಗುರವಾದ ಅಮೈನ್‌ಗಳು ಬಿಸಿಗೆ ಆವಿಯಾಗುತ್ತವೆ, ಭಾರವಾದವು ರಂಧ್ರದೊಳಗೆ ಸಲೀಸಾಗಿ ಇಳಿಯುವುದಿಲ್ಲ. ಜೇನಿನಂತೆ ಎಳೆಯೆಳೆಯಾಗಿ ಸುರಿಯುವ ಇದನ್ನು ನೇರವಾಗಿ 0.8 ಗ್ರಾಂ ತೂಗಲು ಹೋದರೆ ಅರ್ಧ ಪಾತ್ರೆಯ ಗೋಡೆಗೇ ಹೋಗುತ್ತದೆ. ತೂಕದಲ್ಲಿ ಶೇ 20ರ ಮೆಥನಾಲ್ ದ್ರಾವಣ ಮಾಡಿಟ್ಟುಕೊಂಡು ಅದರಿಂದ 4 ಗ್ರಾಂ ತೂಗಿ. ಬಾಟಲಿಯ ಬಿರಡೆ ಸದಾ ಬಿಗಿಯಾಗಿರಲಿ: ಹಿಡಿಯಬೇಕಾದದ್ದನ್ನು ಅದು ಗಾಳಿಯಿಂದ ಆಗಲೇ ಹಿಡಿಯತೊಡಗಿರುತ್ತದೆ.

1 ಗ್ರಾಂ ಸಿಲಿಕಾವನ್ನು 110 °ಸೆ.ಯಲ್ಲಿ ನಿರ್ವಾತದಡಿ ರಾತ್ರಿಯಿಡೀ ಒಣಗಿಸಿ. ರಂಧ್ರದಲ್ಲಿ ನೀರು ಕೂತಿದ್ದರೆ ಪಿಇಐಗೆ ಜಾಗವೆಲ್ಲಿ? ಪಿಇಐ ದ್ರಾವಣಕ್ಕೆ ಇನ್ನೂ 10 ಮಿ.ಲೀ. ಮೆಥನಾಲ್ ಸೇರಿಸಿ, ಸಿಲಿಕಾ ಹಾಕಿ, ಮುಚ್ಚಿ 12 ಗಂಟೆ ಕಲಕಿ. ರೋಟರಿ ಇವಾಪರೇಟರಿನಲ್ಲಿ 40 °ಸೆ.ಯಲ್ಲಿ ಮೆಥನಾಲನ್ನು ನಿಧಾನವಾಗಿ ತೆಗೆಯಿರಿ. ನಿರ್ವಾತವನ್ನು ಒಮ್ಮೆಲೇ ಎಳೆದರೆ ಮೆಥನಾಲ್ ಕುದಿದು ಪಿಇಐಯನ್ನು ಹೊರಮೈಗೆ ತಂದು ಬಿಡುತ್ತದೆ. ಕೊನೆಗೆ 60 °ಸೆ.ಯಲ್ಲಿ ನಿರ್ವಾತದಡಿ 12 ಗಂಟೆ. ಮೆಥನಾಲ್ ವಿಷ, ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ. ಇಡೀ ಕೆಲಸ ಫ್ಯೂಮ್ ಹುಡ್ ಒಳಗೇ ಆಗಲಿ.

ನಿಜಕ್ಕೂ ಎಷ್ಟು ತುಂಬಿತೆಂದು ತಿಳಿಯಲು ಟಿಜಿಎಯಲ್ಲಿ (ಬಿಸಿ ಮಾಡುತ್ತ ತೂಕದ ಬದಲಾವಣೆ ಅಳೆಯುವ ಉಪಕರಣ) 700 °ಸೆ.ವರೆಗೆ ಸುಡಿ. 150ಕ್ಕಿಂತ ಕೆಳಗಿನ ತೂಕನಷ್ಟ ನೀರು, ಮೆಥನಾಲ್ ಮತ್ತು ಗಾಳಿಯಿಂದ ಹಿಡಿದ ಡೈಆಕ್ಸೈಡ್. ಅದರ ಮೇಲಿನದ್ದು ಪಿಇಐ. ಸಾರಜನಕ ಅಧಿಶೋಷಣೆ ಮತ್ತೆ ಮಾಡಿದರೆ ಮೇಲ್ಮೈ ವಿಸ್ತೀರ್ಣ ಪಾತಾಳಕ್ಕಿಳಿದಿರುತ್ತದೆ. ಗಾಬರಿ ಬೇಡ. 77 ಕೆಲ್ವಿನ್‌ನಲ್ಲಿ ಪಿಇಐ ಗಾಜಿನಂತೆ ಗಟ್ಟಿಯಾಗಿ ಬಾಗಿಲು ಮುಚ್ಚಿಕೊಳ್ಳುತ್ತದೆ, 75 °ಸೆ.ಯಲ್ಲಿ ಅದೇ ಪಾಲಿಮರ್ ಸಡಿಲವಾಗಿ ಅನಿಲವನ್ನು ಒಳಗೆ ಬಿಡುತ್ತದೆ.

ಅಳೆಯುವುದು

ಟಿಜಿಎಯಲ್ಲಿ 10 ಮಿ.ಗ್ರಾಂ. ಮಾದರಿ ಇಟ್ಟು, ಸಾರಜನಕದಲ್ಲಿ 105 °ಸೆ.ಯಲ್ಲಿ ಒಂದು ಗಂಟೆ ಸ್ವಚ್ಛಗೊಳಿಸಿ, 75ಕ್ಕೆ ಇಳಿಸಿ, ಡೈಆಕ್ಸೈಡ್ ಇರುವ ಅನಿಲಕ್ಕೆ ಬದಲಿಸಿ. ಖಾಲಿ ತಟ್ಟೆಯೊಂದಿಗೆ ಇದೇ ಕಾರ್ಯಕ್ರಮವನ್ನು ಒಮ್ಮೆ ಓಡಿಸಿ ಆ ವಕ್ರರೇಖೆಯನ್ನು ಕಳೆಯಲೇಬೇಕು. ಅನಿಲದ ಸಾಂದ್ರತೆ ಬದಲಾದಾಗ ತೇಲುಬಲವೂ ಬದಲಾಗುತ್ತದೆ, ಅದು ತೂಕದಂತೆ ಕಾಣಿಸಿಕೊಳ್ಳುತ್ತದೆ. ಶುದ್ಧ ಡೈಆಕ್ಸೈಡಿನಲ್ಲಿ ಅಳೆದ ಸಂಖ್ಯೆಯನ್ನು ಹೊಗೆಯ ಸಾಮರ್ಥ್ಯವೆಂದು ಬರೆಯಬೇಡಿ. ಕಲ್ಲಿದ್ದಲ ಹೊಗೆಯಲ್ಲಿರುವುದು ಶೇ 12ರಿಂದ 15, ನೈಸರ್ಗಿಕ ಅನಿಲದ ಹೊಗೆಯಲ್ಲಿ ಶೇ 4ರ ಆಸುಪಾಸು.

ತೇವ ಅನಿಲಕ್ಕೆ ಟಿಜಿಎ ಒಬ್ಬಂಟಿಯಾಗಿ ಸಾಲದು, ಏಕೆಂದರೆ ತಕ್ಕಡಿಗೆ ನೀರು ಯಾವುದು ಡೈಆಕ್ಸೈಡ್ ಯಾವುದು ಗೊತ್ತಾಗುವುದಿಲ್ಲ. ಇಲ್ಲಿ ಸ್ತಂಭದ ಪ್ರಯೋಗ ಬೇಕು: ಕೊಳವೆಯಲ್ಲಿ ಕಣ ತುಂಬಿ, ಅನಿಲ ಹರಿಸಿ, ಹೊರಬರುವ ಡೈಆಕ್ಸೈಡನ್ನು ಅಳೆಯುವುದು. ಪುಡಿಯನ್ನು ಹಗುರವಾಗಿ ಒತ್ತಿ ಬಿಲ್ಲೆ ಮಾಡಿ, ಒಡೆದು, 250ರಿಂದ 425 ಮೈಕ್ರಾನ್ ಕಣಗಳನ್ನು ಜರಡಿ ಹಿಡಿಯಿರಿ. ಜೋರಾಗಿ ಒತ್ತಿದರೆ ಅಷ್ಟು ಕಷ್ಟಪಟ್ಟು ಮಾಡಿದ ರಂಧ್ರಗಳೇ ಕುಸಿಯುತ್ತವೆ. ಕೊಳವೆಯ ಒಳವ್ಯಾಸ ಕಣದ ಹತ್ತು ಪಟ್ಟಾದರೂ ಇರಲಿ, ಇಲ್ಲದಿದ್ದರೆ ಅನಿಲ ಗೋಡೆಯ ಬದಿಯಿಂದ ನುಸುಳುತ್ತದೆ.

0.5 ಗ್ರಾಂ ಕಣಗಳಿಗೆ ನಿಮಿಷಕ್ಕೆ 20 ಮಿ.ಲೀ. ಹರಿವು, ಅದರಲ್ಲಿ ಶೇ 10 ಡೈಆಕ್ಸೈಡ್ ಇರಲಿ. ನಿಮಿಷಕ್ಕೆ 0.08 ಮಿಲಿಮೋಲ್ ಒಳಬರುತ್ತದೆ. ಗ್ರಾಂಗೆ 2 ಮಿಲಿಮೋಲ್ ಸಾಮರ್ಥ್ಯವಿದ್ದರೆ ಸುಮಾರು 12 ನಿಮಿಷದಲ್ಲಿ ತುಂಬುತ್ತದೆ. ಅದೇ ಹಾಸನ್ನು (ಕೊಳವೆಯಲ್ಲಿ ತುಂಬಿದ ಕಣಗಳನ್ನು) 420 ಪಿಪಿಎಂ (ಹತ್ತು ಲಕ್ಷದಲ್ಲಿ 420 ಪಾಲು) ಡೈಆಕ್ಸೈಡ್ ಇರುವ ಗಾಳಿಗೆ ಒಡ್ಡಿ, ನಿಮಿಷಕ್ಕೆ 100 ಮಿ.ಲೀ. ಹರಿಸಿ, ಗ್ರಾಂಗೆ 1 ಮಿಲಿಮೋಲ್ ಹಿಡಿಯಿತೆಂದರೂ ಐದು ಗಂಟೆ ಬೇಕು. ಗಾಳಿಯ ಪ್ರಯೋಗವನ್ನು ಅರ್ಧ ಗಂಟೆಗೆ ನಿಲ್ಲಿಸಿ 'ಸಾಮರ್ಥ್ಯ ಕಡಿಮೆ' ಎನ್ನಬೇಡಿ. ಕೊಳವೆಗೆ ಅಷ್ಟೇ ಪ್ರಮಾಣದ ಗಾಜಿನ ಮಣಿ ತುಂಬಿ ಖಾಲಿ ಓಟ ಓಡಿಸಿ, ಅನಿಲ ಕೊಳವೆಗಳಲ್ಲೇ ಕಳೆದ ಸಮಯವನ್ನು ಲೆಕ್ಕದಿಂದ ತೆಗೆಯಿರಿ.

ಹಾಸಿನ ನಡುವೆ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಇರಲೇಬೇಕು. ಗ್ರಾಂಗೆ 2 ಮಿಲಿಮೋಲ್ ಹೀರುವಾಗ ಹೊರಬೀಳುವ ಶಾಖ ಎಲ್ಲೂ ಹೋಗದೆ ಉಳಿದರೆ ಪುಡಿ 100 ಡಿಗ್ರಿಗೂ ಮೀರಿ ಬಿಸಿಯಾಗುವಷ್ಟಿದೆ. ಸಣ್ಣ ಕೊಳವೆಯಲ್ಲಿ ಗೋಡೆಯಿಂದ ಬಹುಪಾಲು ಸೋರಿಹೋಗುತ್ತದೆ, ದೊಡ್ಡದರಲ್ಲಿ ಹೋಗುವುದಿಲ್ಲ. ಚಿಕ್ಕದರಲ್ಲಿ ಚೆನ್ನಾಗಿದ್ದು ದೊಡ್ಡದರಲ್ಲಿ ಕೈಕೊಡುವುದಕ್ಕೆ ಇದೊಂದು ಮುಖ್ಯ ಕಾರಣ.

ಸುತ್ತುಗಳು, ಮತ್ತು ಕೆಡುವ ಬಗೆಗಳು

ಪ್ರಯೋಗಾಲಯದಲ್ಲಿ ಎಲ್ಲರೂ ಸಾರಜನಕ ಹರಿಸಿ 105 °ಸೆ.ಯಲ್ಲಿ ಬಿಡುಗಡೆ ಮಾಡುತ್ತಾರೆ, ಸಾಮರ್ಥ್ಯ ಪೂರ್ತಿ ಮರಳುತ್ತದೆ. ಸ್ಥಾವರದಲ್ಲಿ ಹಾಗೆ ಮಾಡಿದರೆ ಹಿಡಿದ ಅನಿಲವನ್ನು ಮತ್ತೆ ಸಾರಜನಕಕ್ಕೆ ಬೆರೆಸಿದಂತಾಯಿತು. ಅಲ್ಲಿ ಬಳಸುವುದು ಹಬೆ, ನಿರ್ವಾತ ಅಥವಾ ಬಿಸಿ ಡೈಆಕ್ಸೈಡ್. ನೀವು ಯಾವುದನ್ನು ಬಳಸಲು ಹೊರಟಿದ್ದೀರೋ ಅದರಲ್ಲೇ ಕನಿಷ್ಠ 50 ಸುತ್ತು ಓಡಿಸಿ.

ಒಣ ಶುದ್ಧ ಡೈಆಕ್ಸೈಡಿನಲ್ಲಿ 120 °ಸೆ. ದಾಟಿಸಿದರೆ ಎರಡು ಅಮೈನ್‌ಗಳು ಒಂದು ಡೈಆಕ್ಸೈಡ್ ಅಣುವಿನೊಂದಿಗೆ ಸೇರಿ ಯೂರಿಯಾ ಆಗುತ್ತವೆ, ಒಂದು ನೀರಿನ ಅಣು ಹೊರಬೀಳುತ್ತದೆ. ಅನಿಲದಲ್ಲಿ ತೇವಾಂಶವಿದ್ದರೆ ಈ ಪ್ರತಿಕ್ರಿಯೆಗೆ ತಡೆ ಬೀಳುತ್ತದೆ, ಆದ್ದರಿಂದ ಒಣ ಬಿಡುಗಡೆಗಿಂತ ಹಬೆ ಮೇಲು. ಆಮ್ಲಜನಕ ಇನ್ನೊಂದು ಶತ್ರು. ಬಿಸಿ ಪುಡಿಗೆ ಗಾಳಿ ತಗುಲಿದರೆ ಅಮೈನ್ ಉತ್ಕರ್ಷಣಗೊಂಡು ಬಿಳಿ ಪುಡಿ ಹಳದಿಗೆ, ಮುಂದೆ ಕಂದಿಗೆ ತಿರುಗುತ್ತದೆ. ಬಿಡುಗಡೆಯಾದ ಮೇಲೆ 50 °ಸೆ.ಗೆ ತಣ್ಣಗಾಗುವವರೆಗೂ ಗಾಳಿ ಬಿಡಬೇಡಿ. ಸ್ವಯಂಚಾಲಿತ ಕವಾಟ ಬಳಸುವವರು ಉಷ್ಣತೆ ಇಳಿಯದೆ ಕವಾಟ ತೆರೆಯದಂತೆ ಕಟ್ಟಿಡಿ. ಹೊಗೆಯಲ್ಲಿನ ಗಂಧಕದ ಡೈಆಕ್ಸೈಡ್ ಅಮೈನಿಗೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ, ಅದನ್ನು ಮೊದಲೇ ತೊಳೆದು ತೆಗೆಯಬೇಕು.

ಸಾಮರ್ಥ್ಯ ಇಳಿದಾಗ ಕಾರಣ ಹುಡುಕಲು ಪ್ರತಿ ಬಿಡುಗಡೆಯ ಕೊನೆಯ ತೂಕವನ್ನು ಸುತ್ತಿನ ಸಂಖ್ಯೆಯ ಎದುರು ಗುರುತಿಸುತ್ತ ಹೋಗಿ. ತೂಕ ಇಳಿಯುತ್ತಿದ್ದರೆ ಅಮೈನ್ ಆವಿಯಾಗುತ್ತಿದೆ. ಬಿಡುಗಡೆಯ ಉಷ್ಣತೆ ಇಳಿಸಿ. ತೂಕ ಏರುತ್ತಿದ್ದರೆ ಯೂರಿಯಾ ಕಟ್ಟಿಕೊಳ್ಳುತ್ತಿರಬಹುದು, ಏಕೆಂದರೆ ಪ್ರತಿ ಯೂರಿಯಾ ಸೇತುವೆಗೂ 44ರಲ್ಲಿ 18 ಹೋಗಿ 26 ಘಟಕ ತೂಕ ಉಳಿಯುತ್ತದೆ. ಹೀಗಾದಾಗ ಮಾದರಿಯ ಇನ್‌ಫ್ರಾರೆಡ್ ರೋಹಿತದಲ್ಲಿ 1660 ಸೆಂ.ಮೀ.⁻¹ ಸುತ್ತ ಹೊಸ ಶೃಂಗ ಮೂಡುತ್ತದೆ. ಉತ್ಕರ್ಷಣದ ಶೃಂಗವೂ 1670ರ ಬಳಿಯೇ ಬರುವುದರಿಂದ ಅದೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಒಂದು ಮಾದರಿಯನ್ನು ಡೈಆಕ್ಸೈಡ್ ಇಲ್ಲದ ಗಾಳಿಯಲ್ಲಿ, ಇನ್ನೊಂದನ್ನು ಆಮ್ಲಜನಕವಿಲ್ಲದ ಡೈಆಕ್ಸೈಡಿನಲ್ಲಿ ಅಷ್ಟೇ ಹೊತ್ತು ಬಿಸಿ ಮಾಡಿ ಹೋಲಿಸಿದರೆ ಯಾರ ಕೈವಾಡವೆಂದು ಬಯಲಾಗುತ್ತದೆ. ಹಬೆಯಲ್ಲಿ ಬಿಡುಗಡೆ ಮಾಡುವವರು ಮೂಲಾಂಶ ವಿಶ್ಲೇಷಣೆಯನ್ನೂ ಮಾಡಿಸಿ: ಹಬೆ ಸಾಂದ್ರೀಕರಿಸಿ ನೀರು ನಿಂತ ಕಡೆ ಪಿಇಐ ತೊಳೆದುಹೋಗುತ್ತದೆ, ಆಗ ಹಾಸಿನ ಮೇಲ್ತುದಿ ಮತ್ತು ಕೆಳತುದಿಯ ಮಾದರಿಗಳಲ್ಲಿ ಸಾರಜನಕದ ಪ್ರಮಾಣ ಬೇರೆಬೇರೆಯಾಗಿರುತ್ತದೆ.