ಹೊಟ್ಟೆಕಿಚ್ಚಿನ ಸೂಪರ್‌ಹೀರೋ: 22 ಪುಟದ ಕಾಮಿಕ್ಸ್‌ಗೆ ಸ್ಕ್ರಿಪ್ಟ್ ಬರೆಯುವುದು

ತಂಡದ ನಾಯಕನ ಮೇಲಿನ ಹೊಟ್ಟೆಕಿಚ್ಚಿಗೆ ಒಬ್ಬ ಸೂಪರ್‌ಹೀರೋ ತಂಡ ಬಿಟ್ಟು ದುಡ್ಡಿರುವ ಖಳನ ಕಡೆ ಸೇರುವ ಕಥೆ ಇದು. ಮೊದಲು ಆ ಹೊಟ್ಟೆಕಿಚ್ಚು ಕಣ್ಣಿಗೆ ಕಾಣುವಂತೆ ಮಾಡಿ. ‘ನಾಯಕನನ್ನು ಕಂಡರೆ ಇವನಿಗಾಗದು’ ಎಂದು ಬರೆದರೆ ಚಿತ್ರಕಾರರ ಕೈಗೆ ಏನೂ ಸಿಗುವುದಿಲ್ಲ. ಕುಸಿಯುವ ಸೇತುವೆಗೆ ಹೆಗಲು ಕೊಟ್ಟವನು ಇವನು. ಮರುದಿನದ ಪತ್ರಿಕೆಯಲ್ಲಿ ನಾಯಕನ ದೊಡ್ಡ ಫೋಟೋ, ಅಂಚಿನಲ್ಲಿ ಇವನ ಮೊಣಕೈ ಮಾತ್ರ. ಅಷ್ಟು ಸಾಕು.

ಜಗಳ 5ನೇ ಪುಟಕ್ಕೆ ತಾರಕಕ್ಕೇರಲಿ, ತಂಡ ಬಿಟ್ಟು ಹೊರಡುವುದು 6ರಲ್ಲಿರಲಿ. ಸಮಸಂಖ್ಯೆಯ ಪುಟ ಎಡಕ್ಕೆ ಬರುವುದರಿಂದ ಹಾಳೆ ತಿರುವಿದಾಗಲೇ ಕಾಣುತ್ತದೆ. 7ರಲ್ಲಿಟ್ಟರೆ 6 ಓದುವ ಮೊದಲೇ ಕಣ್ಣು ಅತ್ತ ಹಾರಿ ಗುಟ್ಟು ರಟ್ಟು.

ದುಡ್ಡಿನ ಖಳನನ್ನು ಗುದ್ದಾಟಕ್ಕೆ ಇಳಿಸಬೇಡಿ, ಒಂದೇ ಏಟಿಗೆ ಕಥೆ ಮುಗಿಯುತ್ತದೆ. ತಂಡ ಕೊಡದಿದ್ದುದನ್ನು ಅವನು ಕೊಡಲಿ: ಸಂಬಳ, ಹೊಸ ದಿರಿಸು, ತನ್ನದೇ ಪತ್ರಿಕೆಯ ಮುಖಪುಟ. ಆ ಕರಾರುಪತ್ರವನ್ನು ಹತ್ತಿರದಿಂದ ಒಂದು ಪ್ಯಾನೆಲ್‌ನಲ್ಲಿ (ಪುಟದ ಒಂದು ಚಿತ್ರಚೌಕಟ್ಟಿನಲ್ಲಿ) ತೋರಿಸಿ. ಹೀರೋ ಓದದೆ ಸಹಿ ಹಾಕಿದ ಸಾಲೇ ಮುಂದೆ ಅವನ ಕೈ ಕಟ್ಟಬೇಕು.

ಮಾತಿನ ಪುಟಕ್ಕೆ 5–6 ಪ್ಯಾನೆಲ್, ಹೊಡೆದಾಟಕ್ಕೆ 3. ಇಂಗ್ಲಿಷ್‌ನಲ್ಲಿ ಒಂದು ಬಲೂನಿಗೆ (ಪಾತ್ರದ ಮಾತು ಬರೆಯುವ ಗುಳ್ಳೆಗೆ) ಸುಮಾರು 25 ಪದ ಹಿಡಿಯುತ್ತವೆ. ಕನ್ನಡದಲ್ಲಿ 15 ದಾಟಿಸಬೇಡಿ. ನಮ್ಮ ಪದಗಳು ಉದ್ದ. ಸಾಲುಗಳ ನಡುವೆಯೂ ಜಾಗ ಬಿಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ತಾಗುತ್ತದೆ.