ಕೇಳಿದ್ದನ್ನೇ ಕೇಳುವವರ ಬಳಿ ಕಲಿತ ತಾಳ್ಮೆ

ಬೈಬಲಿನಲ್ಲಿ ಅಪೊಸ್ತಲ ಪೌಲನು ಪ್ರೀತಿಯ ಕುರಿತು ಬರೆದ ಅಧ್ಯಾಯವನ್ನು ಮದುವೆಯ ಆರಾಧನೆಗಳಲ್ಲಿ ಓದುವುದನ್ನು ನಾವೆಲ್ಲ ಕೇಳಿದ್ದೇವೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೆಯ ಅಧ್ಯಾಯ ಅದು. ಹೂವು, ಸಂಗೀತ, ನಗುಮುಖಗಳ ನಡುವೆ ಇಂಪಾಗಿ ಕೇಳಿಸುತ್ತದೆ. ಆದರೆ ಆ ಮಾತು ಮೊದಲು ತಲುಪಿದ್ದು ಕೊರಿಂಥವೆಂಬ ಪಟ್ಟಣದಲ್ಲಿ ಒಳಗೊಳಗೇ ಕಚ್ಚಾಡುತ್ತಿದ್ದ ಒಂದು ಕ್ರೈಸ್ತ ಸಭೆಗೆ. ನಾನು ಪೌಲನ ಕಡೆಯವನು, ನಾನು ಅಪೊಲ್ಲೋಸನ ಕಡೆಯವನು ಎಂದು ಅಲ್ಲಿ ಬೋಧಕರ ಹೆಸರಿನಲ್ಲಿ ಪಂಗಡಗಳಾಗಿದ್ದವು. ವಿಶ್ವಾಸಿಗಳು ವಿಶ್ವಾಸಿಗಳ ಮೇಲೆಯೇ ವ್ಯಾಜ್ಯ ಹೂಡುತ್ತಿದ್ದರು. ಯೇಸುವನ್ನು ನೆನೆದು ಮಾಡುವ ಕರ್ತನ ಭೋಜನಕ್ಕೆ ಕೂಡಿಬಂದಾಗ ಉಳ್ಳವರು ಉಂಡು ಕುಡಿದು ಮುಗಿಸಿದರೆ, ಇಲ್ಲದವರು ಹಸಿದು ಕುಳಿತಿರುತ್ತಿದ್ದರು. ಅಂಥವರಿಗೆ ಪ್ರೀತಿ ಹೇಗಿರುತ್ತದೆ ಎಂದು ಹೇಳಲು ಹೊರಟ ಪೌಲನು ಎಲ್ಲಕ್ಕಿಂತ ಮೊದಲು ಇಟ್ಟದ್ದು ತಾಳ್ಮೆಯನ್ನು. ಇದು ಮನಸ್ಸಿಗೆ ನಾಟಿದಂದಿನಿಂದ ಆ ವಚನಗಳನ್ನು ನಾನು ಸಮಾರಂಭದ ಮಾತೆಂದು ಓದಿಲ್ಲ. ಮನೆಯಲ್ಲಿ, ಕಚೇರಿಯಲ್ಲಿ ನನ್ನ ಸಹನೆ ಯಾರ ಮುಂದೆ ತೀರಿಹೋಗುತ್ತದೆಯೋ ಅವರನ್ನು ನೆನೆದುಕೊಂಡು ಓದುತ್ತೇನೆ.

ನನ್ನ ಮಟ್ಟಿಗೆ ಈ ಅಭ್ಯಾಸದ ಬಹುಭಾಗ ನಡೆದದ್ದು ನಮ್ಮ ಮಾವನವರ ಜೊತೆ. ವಯಸ್ಸಾದಂತೆ ಅವರ ನೆನಪು ಸಡಿಲವಾಯಿತು. ರಾತ್ರಿಯಾದರೆ ಒಂದೇ ಪ್ರಶ್ನೆ: "ಬಾಗಿಲಿಗೆ ಚಿಲಕ ಹಾಕಿದೆಯೇನಮ್ಮಾ?" "ಹಾಕಿದ್ದೇನೆ ಮಾವ" ಎಂದರೆ ತಲೆಯಾಡಿಸುತ್ತಾರೆ. ನಾನು ಕೋಣೆ ದಾಟುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ಇಂಥ ಮನೆಗಳಲ್ಲಿ ಎಲ್ಲರ ಬಾಯಲ್ಲೂ ತಾನಾಗಿ ಬರುವ ಮಾತೊಂದಿದೆ: "ಈಗ ತಾನೇ ಹೇಳಿದೆನಲ್ಲ." ಆ ಮಾತನ್ನು ಆಡಬಾರದೆಂದು ನಾನೂ ನನ್ನ ಯಜಮಾನರೂ ನಿಶ್ಚಯಿಸಿಕೊಂಡೆವು. ನಮಗೆ ಅದು ಎಷ್ಟನೆಯದೋ ಸಲ. ಅವರಿಗೆ ಪ್ರತಿ ಬಾರಿಯೂ ಮೊದಲನೆಯ ಸಲ. "ಈಗ ತಾನೇ ಹೇಳಿದೆನಲ್ಲ" ಎಂದಾಗ ಅವರಿಗೆ ಉತ್ತರ ಸಿಗುವುದಿಲ್ಲ, ತಾನು ಏನೋ ತಪ್ಪು ಮಾಡಿದೆ ಎಂಬ ಅಳುಕು ಮಾತ್ರ ಉಳಿಯುತ್ತದೆ.

ಕೆಲವು ದಿನಗಳಲ್ಲಿ ಇನ್ನೊಂದು ವಿಷಯ ತಿಳಿಯಿತು. ಅವರು ಕೇಳುತ್ತಿದ್ದುದು ಚಿಲಕದ ಸುದ್ದಿಯನ್ನಲ್ಲ. ಕತ್ತಲಾದಂತೆ ಅವರಿಗೆ ಭಯವಾಗುತ್ತಿತ್ತು, ಹೇಳಲು ಸಿಗುತ್ತಿದ್ದ ಮಾತು ಚಿಲಕವೊಂದೇ. ಆಮೇಲೆ ನಾನು ಬಾಯಿಮಾತಿನ ಉತ್ತರಕ್ಕೆ ನಿಲ್ಲಲಿಲ್ಲ. ಅವರ ಕೈಹಿಡಿದು ಬಾಗಿಲಿನವರೆಗೆ ನಡೆಸಿಕೊಂಡು ಹೋಗಿ, ಅವರ ಬೆರಳನ್ನು ಚಿಲಕದ ಮೇಲೆ ಇಡುತ್ತಿದ್ದೆ. ಅವರು ಒಮ್ಮೆ ಎಳೆದು ನೋಡುತ್ತಾರೆ, ಕೆಳಗಿನದನ್ನೂ ತಡವುತ್ತಾರೆ. ಹಿಂದಿರುಗಿ ಮಂಚದ ಅಂಚಿನಲ್ಲಿ ಕುಳಿತ ಮೇಲೆ ನಾನು ಬೈಬಲಿನ 121ನೆಯ ಕೀರ್ತನೆಯನ್ನು ಶುರುಮಾಡಿದರೆ, ನಮ್ಮನ್ನು ಕಾಯುವವನು ತೂಕಡಿಸುವುದಿಲ್ಲ ಎಂಬಲ್ಲಿಗೆ ಬರುವಾಗ ಅವರೂ ದನಿಗೂಡಿಸುತ್ತಾರೆ. ಬೆಳಗಿನ ಸಂಗತಿ ಸಂಜೆಗೆ ನೆನಪಿರದವರಿಗೆ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಕೀರ್ತನೆ ಅಚ್ಚಳಿಯದೆ ಉಳಿದಿರುವುದನ್ನು ಕಂಡಾಗಲೆಲ್ಲ ನನ್ನ ಎದೆ ತುಂಬಿಬರುತ್ತದೆ. ಪ್ರಶ್ನೆ ಪೂರ್ತಿ ನಿಂತಿತೆಂದು ಹೇಳಲಾರೆ. ಆದರೆ ಎರಡು ಪ್ರಶ್ನೆಗಳ ನಡುವಿನ ಹೊತ್ತು ಉದ್ದವಾಯಿತು, ಅವರಿಗೆ ನಿದ್ದೆ ಬೇಗ ಹತ್ತತೊಡಗಿತು. ಮೊದಲು ಅವಸರದಲ್ಲಿ ಉತ್ತರ ಕೊಡುವುದರಲ್ಲಿ ಹೋಗುತ್ತಿದ್ದ ಸಮಯಕ್ಕಿಂತ ಇದಕ್ಕೆ ಹೆಚ್ಚೇನೂ ಹಿಡಿಯಲಿಲ್ಲ.

ಆ ದಿನಗಳಲ್ಲಿ ನನಗೆ ಬಹಳ ಆಸರೆಯಾದದ್ದು ಫ್ರಾನ್ಸಿನ ಲಿಸಿಯೂ ಮಠದ ಸಂತ ತೆರೇಸಾ. 1897ರಲ್ಲಿ, ಬರೀ 24ನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡ ಆಕೆ ಹೊರಗಿನವರ ಕಣ್ಣಿಗೆ ದೊಡ್ಡದೆಂದು ಕಾಣುವ ಯಾವ ಕೆಲಸವನ್ನೂ ಮಾಡಿರಲಿಲ್ಲ. ಮಠದಲ್ಲಿ ನಡೆದಾಡಲು ಕಷ್ಟಪಡುತ್ತಿದ್ದ ವೃದ್ಧ ಸನ್ಯಾಸಿನಿಯೊಬ್ಬರಿದ್ದರು. ಸಂಜೆ ಅವರನ್ನು ಊಟದ ಕೋಣೆಗೆ ನಡೆಸಿಕೊಂಡು ಹೋಗುವ ಕೆಲಸವನ್ನು ತೆರೇಸಾ ತಾನಾಗಿ ವಹಿಸಿಕೊಂಡಳು. ಬೇಗ ನಡೆದರೆ ಬೀಳಿಸುತ್ತೀ ಎನ್ನುವರು, ನಿಧಾನಿಸಿದರೆ ಕೈಬಿಟ್ಟೆ ಎನ್ನುವರು. ಹೀಗೆ ಕರೆದೊಯ್ದು ಕೂರಿಸಿದ ಮೇಲೆ, ಅವರಿಗೆ ರೊಟ್ಟಿಯನ್ನು ಕತ್ತರಿಸಿಕೊಳ್ಳುವುದೂ ಕಷ್ಟವೆಂದು ತೆರೇಸಾ ಗಮನಿಸಿದಳು. ಯಾರೂ ಕೇಳದಿದ್ದರೂ ಅದನ್ನು ಕತ್ತರಿಸಿಕೊಟ್ಟು ಹೋಗತೊಡಗಿದಳು. ಆ ವೃದ್ಧೆಯ ಮನಸ್ಸು ಗೆದ್ದದ್ದು ಆ ಚಿಕ್ಕ ಕೆಲಸವೇ. ನಾನು ಕಲಿತದ್ದೂ ಇಷ್ಟೇ: ಒಪ್ಪಿಕೊಂಡ ಕೆಲಸ ಮುಗಿದ ಮೇಲೂ ಒಂದು ಕ್ಷಣ ನಿಂತು, ಇನ್ನೇನಾದರೂ ಬೇಕೇ ಎಂದು ಕಣ್ಣಿನಿಂದಲೇ ನೋಡುವುದು.

ಮನೆಯವರ ವಿಷಯದಲ್ಲಿ ಕಿವಿಗೆ ಕೆಲಸ ಹೆಚ್ಚಾದರೆ, ಹೊರಗಿನವರ ವಿಷಯದಲ್ಲಿ ನಾಲಿಗೆಗೆ ಹೆಚ್ಚು. ಪ್ರೀತಿಯು ಅಪಕಾರದ ಲೆಕ್ಕವಿಡುವುದಿಲ್ಲ ಎಂದು ಪೌಲನು ಅದೇ ಅಧ್ಯಾಯದಲ್ಲಿ ಹೇಳುತ್ತಾನೆ. ಲೆಕ್ಕವನ್ನು ನಾವು ಇಡುವುದು ಪುಸ್ತಕದಲ್ಲಲ್ಲ, ಇನ್ನೊಬ್ಬರ ಮುಂದೆ ಹೇಳಿಕೊಳ್ಳುವುದರಲ್ಲಿ. ಒಮ್ಮೆ ಹೇಳಿದಾಗ ನೋವು ಹಗುರವಾದಂತೆ ಅನ್ನಿಸುತ್ತದೆ. ಮತ್ತೆ ಮತ್ತೆ ಹೇಳಿದರೆ ಕಥೆ ನಯವಾಗುತ್ತದೆ, ಎದುರಿನವರ ಮಾತು ಇನ್ನಷ್ಟು ಕಟುವಾಗುತ್ತದೆ, ನಮ್ಮ ಮಾತು ಇನ್ನಷ್ಟು ಸೌಮ್ಯವಾಗುತ್ತದೆ. ಪ್ರಾರ್ಥನಾ ಕೂಟಗಳಲ್ಲಿ ಇದಕ್ಕೊಂದು ಸುಲಭದ ದಾರಿಯಿದೆ: "ಅವರಿಗಾಗಿ ಪ್ರಾರ್ಥನೆ ಮಾಡಿ" ಎಂದು ಆರಂಭಿಸಿ, ಅವರು ಮಾಡಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿಡುವುದು. ನಾನು ಹಾಕಿಕೊಂಡ ನಿಯಮವೇನೆಂದರೆ, ಒಬ್ಬರಿಂದ ನೋವಾದರೆ ಅದನ್ನು ಮೊದಲು ದೇವರ ಮುಂದೆ ಹೇಳುವುದು, ಆಮೇಲೆ ಅವರಿಗೇ ಹೇಳುವುದು. ಅವರಿಗೇ ನೇರವಾಗಿ ಹೇಳಬೇಕೆಂದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸುವೂ ಕಲಿಸಿದ್ದಾನೆ. ತಪ್ಪು ಮಾಡಿದವನ ಬಳಿಗೆ ನೀನೊಬ್ಬನೇ ಹೋಗು ಎನ್ನುತ್ತಾನೆ ಆತ.

ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬರು ನನ್ನ ಕೆಲಸದ ಲೋಪಗಳನ್ನು ಎಲ್ಲರ ಎದುರೇ ಎತ್ತಿ ಆಡುತ್ತಿದ್ದರು. ಉತ್ತರವನ್ನು ಮೊಬೈಲಿನಲ್ಲಿ ಬರೆದು ಇಟ್ಟುಕೊಂಡು, ಕಳುಹಿಸದೆ ಮರುದಿನ ಬೆಳಿಗ್ಗೆ ಓದುವುದು ನನ್ನ ರೂಢಿ. ಹಾಗೆ ಓದಿದಾಗ ಅದರಲ್ಲಿ ಉಳಿಸಿಕೊಳ್ಳಲು ತಕ್ಕದ್ದು ಸಾಮಾನ್ಯವಾಗಿ ಒಂದು ವಾಕ್ಯ ಸಿಗುತ್ತದೆ. ಆ ಒಂದು ವಾಕ್ಯವನ್ನು ಹಿಡಿದು ಅವರ ಬಳಿಗೆ ಹೋದೆ. "ತಪ್ಪಿದ್ದರೆ ದಯವಿಟ್ಟು ನನಗೇ ಹೇಳಿ, ತಿದ್ದಿಕೊಳ್ಳುತ್ತೇನೆ. ಎಲ್ಲರ ಮುಂದೆ ಹೇಳಿದಾಗ ನನಗೆ ಏನೂ ಕೇಳಿಸದಂತಾಗುತ್ತದೆ" ಎಂದೆ. ಅವರು ಸುಮ್ಮನೆ ತಲೆತಗ್ಗಿಸಿ ಕಾಗದ ತಿರುವುತ್ತಾ ಕುಳಿತರು. ಕ್ಷಮೆಯ ಮಾತೇನೂ ಬರಲಿಲ್ಲ, ಇಂದಿಗೂ ಬಂದಿಲ್ಲ. ಎಲ್ಲರೆದುರು ಆಡುವುದು ಮಾತ್ರ ಕಡಿಮೆಯಾಗಿದೆ. ಅಷ್ಟರಿಂದಲೇ ನಾನು ಅವರೊಂದಿಗೆ ಮುಂದುವರಿಯಬಲ್ಲೆ.

ಮತ್ತಾಯನ ಅದೇ 18ನೆಯ ಅಧ್ಯಾಯದ ಕೊನೆಯಲ್ಲಿ ಯೇಸು ಹೇಳಿದ ಸಾಮ್ಯವನ್ನು, ಅಂದರೆ ದೃಷ್ಟಾಂತದ ಕಥೆಯನ್ನು, ನಾನು ಆಗಾಗ ಓದುತ್ತೇನೆ. ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾಗಿದ್ದ ಸೇವಕನು ಆ ಸಾಲದಿಂದ ಬಿಡುಗಡೆ ಹೊಂದಿ ಹೊರಗೆ ಬಂದು, ತನಗೆ ನೂರು ದೀನಾರ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಸುಕುತ್ತಾನೆ. ದೀನಾರವೆಂದರೆ ಒಬ್ಬ ಕೂಲಿಯಾಳಿನ ಒಂದು ದಿನದ ಕೂಲಿ. ನೂರು ದಿನದ ಕೂಲಿ ಚಿಲ್ಲರೆ ಹಣವೇನಲ್ಲ. ನಮಗಾದ ನೋವನ್ನು ಯೇಸು ಏನೂ ಇಲ್ಲವೆಂದು ತಳ್ಳಿಹಾಕುವುದಿಲ್ಲ ಎಂಬುದು ಇಲ್ಲಿ ನನಗೆ ಸಿಗುವ ಸಮಾಧಾನ. ಆದರೆ ಒಂದು ತಲಾಂತು ಎಂದರೆ ಆರು ಸಾವಿರ ದೀನಾರ. ಹತ್ತು ಸಾವಿರ ತಲಾಂತಿನ ಸಾಲ ಯಾವ ಜೀವಮಾನದಲ್ಲೂ ತೀರುವಂಥದ್ದಲ್ಲ. ತಾಳ್ಮೆ ತಂದುಕೋ, ತೀರಿಸುತ್ತೇನೆ ಎಂದು ಆ ಸೇವಕನು ಅರಸನಲ್ಲಿ ಬೇಡಿಕೊಂಡಿದ್ದ. ಹೊರಗೆ ಅವನ ಜೊತೆಗಾರನೂ ಅವನ ಮುಂದೆ ಅದೇ ಮಾತನ್ನು ಹೇಳಿ ಬೇಡಿದ. ಆ ಮಾತು ತನ್ನದೇ ಎಂದು ಅವನಿಗೆ ಗುರುತು ಹತ್ತಲಿಲ್ಲ. ಯಾರ ಮೇಲಾದರೂ ಸಿಟ್ಟು ಕುದಿಯುವಾಗ ನಾನು ಈ ಜಾಗಕ್ಕೆ ಬಂದು ನಿಲ್ಲುತ್ತೇನೆ.

ದೇಹದ ವಿಷಯವನ್ನೂ ಹೇಳಲೇಬೇಕು, ಚರ್ಚಿನ ಪ್ರಸಂಗಗಳಲ್ಲಿ ಇದು ಅಷ್ಟಾಗಿ ಬರುವುದಿಲ್ಲ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಸಾಕಪ್ಪಾ ಸಾಕು ಎಂದು ಗಿಡದ ಕೆಳಗೆ ಮಲಗಿಬಿಟ್ಟಾಗ ದೇವರು ಅವನನ್ನು ಗದರಿಸಲಿಲ್ಲ. ದೂತನು ಬಂದು ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟು, ಎಬ್ಬಿಸಿ ಮತ್ತೆ ತಿನ್ನಿಸಿದ. ಸಂಭಾಷಣೆ ನಡೆದದ್ದು ಅದರ ನಂತರ. ನಿದ್ದೆಗೆಟ್ಟವಳ ಬಾಯಿಂದ ಮೃದುವಾದ ಉತ್ತರ ಬರುವುದು ಕಷ್ಟ. ಅದಕ್ಕಾಗಿ ಮಾವನವರ ರಾತ್ರಿಗಳನ್ನು ನಾವಿಬ್ಬರೂ ಹಂಚಿಕೊಂಡೆವು. ನನ್ನ ಸರದಿಯಲ್ಲದ ರಾತ್ರಿ ನಾನು ಬೇರೆ ಕೋಣೆಯಲ್ಲಿ ಬಾಗಿಲು ಮುಚ್ಚಿ ಮಲಗುತ್ತೇನೆ. ಹಿರಿಯರನ್ನು ನೋಡಿಕೊಳ್ಳುವ ಸೊಸೆಯಂದಿರಿಗೆ, ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ: ಸಹಾಯ ಕೇಳಿ, ಹೊಣೆ ಹಂಚಿಕೊಳ್ಳಿ. ಒಬ್ಬಳೇ ಎಲ್ಲವನ್ನೂ ಹೊತ್ತರೆ ಅದರ ಬಿಸಿ ಕೊನೆಗೆ ತಟ್ಟುವುದು ಆ ಹಿರಿಯ ಜೀವಕ್ಕೇ.

ತಾಳ್ಮೆಯ ಹೆಸರಿನಲ್ಲಿ ಹೊಡೆತವನ್ನು ಸಹಿಸಿಕೊಂಡಿರು ಎಂದು ಹೇಳುವವರೂ ಇದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಪ್ರೀತಿಯು ಅನ್ಯಾಯದಲ್ಲಿ ಸಂತೋಷಪಡದೆ ಸತ್ಯದ ಜೊತೆ ಸಂತೋಷಪಡುತ್ತದೆ ಎಂದು ಪೌಲನು ಪ್ರೀತಿಯ ಅದೇ ಅಧ್ಯಾಯದಲ್ಲಿ ಬರೆದಿದ್ದಾನೆ. ಗಂಡನ ಹೊಡೆತ ತಿನ್ನುತ್ತಿದ್ದ ಸಹೋದರಿಯೊಬ್ಬಳು ನನ್ನ ಬಳಿಗೆ ಬಂದಾಗ ನಾನು ತಾಳ್ಮೆಯ ವಚನಗಳನ್ನು ತೆರೆಯಲಿಲ್ಲ. ಅವಳ ಚೀಲವನ್ನು ಒಳಗಿಟ್ಟು, ಮಕ್ಕಳಿಗೆ ಹಾಸಿಗೆ ಹಾಸಿದೆವು. ಬೆಳಿಗ್ಗೆ ವಕೀಲರನ್ನು ಕಾಣಲು ನನ್ನ ಯಜಮಾನರೂ ನಾನೂ ಅವಳ ಜೊತೆ ಹೋದೆವು.